ಡೇರೆಗೂ ಹಾಲುಕ್ಕಿಸಿದೆವು

ಕೆಟ್ಟ ಸುದ್ದಿಯನ್ನು ಮನೆಯೊಳಗೆ ಹೇಳುವ ಧೈರ್ಯ ನನಗಿಲ್ಲ. ಮೇಷ್ಟ್ರ ಕೆಲಸದಲ್ಲಿ ವರ್ಗದ ಆದೇಶ ಬಂದಾಗಲೆಲ್ಲ ಹೆಂಡತಿ ಗಿರಿಜಳನ್ನು ಹೋಟೆಲಿಗೆ ಕರೆದೊಯ್ದು, ಮಸಾಲೆ ದೋಸೆ ಎದುರಿಗೆ ಬಂದ ಮೇಲೆಯೇ ಬಾಯಿ ಬಿಡುತ್ತಿದ್ದೆ. ಬರಬರುತ್ತಾ ದೋಸೆ ತಿನ್ನೋಣವೇ ಅಂದರೆ ಸಾಕು, "ಈ ಸಲ ಯಾವೂರು?" ಎಂದು ಕೇಳತೊಡಗಿದಳು. ಹಾಗಾಗಿ, ಅರಸೀಕೆರೆಯ ನಮ್ಮ ಬಾಡಿಗೆ ಮನೆಯ ಮಾಲೀಕರು "ಮಗನ ಮದುವೆ ಮೇಷ್ಟ್ರೇ, ಮನೆ ನಮಗೇ ಬೇಕಾಗ್ತದೆ" ಎಂದಾಗ, ದೋಸೆಗಿಂತ ದೊಡ್ಡದೊಂದು ಏರ್ಪಾಡು ಬೇಕೆನಿಸಿತು. ಬೇಲೂರಿನಾಚೆ ಬೆಟ್ಟದ ಮೇಲೊಂದು ಕೆರೆ ಇದೆ, ದಡದ ಕಾಡಿನಲ್ಲಿ ಡೇರೆ ಹಾಕಿ ತಂಗಬಹುದು ಎಂದು ಯಾರೋ ಹೇಳಿದ್ದರು. ತಂಗಾಳಿಯಲ್ಲಿ ಹೇಳಿದರೆ ಬಿಸಿ ಸುದ್ದಿಯೂ ಸ್ವಲ್ಪ ಆರೀತು ಎಂದು ನನ್ನ ಲೆಕ್ಕಾಚಾರ.

ಈ ಸುದ್ದಿಗೆ ಇಷ್ಟು ಹೆದರಲು ಕಾರಣವಿದೆ. ನಾವು ಈವರೆಗೆ ಹನ್ನೊಂದು ಮನೆಗಳಲ್ಲಿ ಬಾಳಿದ್ದೇವೆ, ಹನ್ನೊಂದನ್ನೂ ಆರಿಸಿದವನು ನಾನು. ಸ್ಕೂಲಿಗೆ ಹತ್ತಿರವೇ ಎಂದು ಕೇಳುತ್ತಿದ್ದೆನೇ ಹೊರತು ಒಳಗೆ ಹೋಗಿ ನೋಡಿದವನಲ್ಲ. ಕಣಕಟ್ಟೆಯ ಮನೆಗೆ ನಲ್ಲಿ ಪಕ್ಕದವರ ಅಂಗಳದಲ್ಲಿತ್ತು. ಜಾವಗಲ್ಲಿನ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಒಗ್ಗರಣೆ ಹಾಕಿದರೆ ಇಬ್ಬರೂ ಬೀದಿಗೆ ಬಂದು ಕೆಮ್ಮುತ್ತಿದ್ದೆವು. ಹಗರೆಯಲ್ಲಿ ಡೈರಿಯ ಎದುರಿಗೇ ಮನೆ, ಬೆಳಗಿನ ಐದಕ್ಕೆಲ್ಲ ಕ್ಯಾನುಗಳ ಸದ್ದು. ಅರಸೀಕೆರೆಯ ಈ ಮನೆಯಲ್ಲಿ ಮಾತ್ರ ಗಿರಿಜಾ ಮಲ್ಲಿಗೆ ಬಳ್ಳಿ ಹಬ್ಬಿಸಿದಳು. ಈ ವರ್ಷ ಅದು ಮೈತುಂಬ ಹೂ ಬಿಟ್ಟಾಗ, "ಇನ್ನು ನಾನು ಇಲ್ಲಿಂದ ಏಳೋಳಲ್ಲ ಕಣ್ರೀ" ಎಂದಿದ್ದಳು.

ಬಸ್ಸು ಹಳೇಬೀಡಿನಲ್ಲಿ ನಿಂತಾಗ ನನಗೆ ಧೈರ್ಯ ತುಂಬುವ ವಿಚಾರವೊಂದು ಹೊಳೆಯಿತು. ಬೀಡು ಎಂದರೆ ಬಿಡಾರ, ದಂಡು ಇಳಿಯುವ ಜಾಗ. ಅಷ್ಟು ದೊಡ್ಡ ಅರಸರ ರಾಜಧಾನಿಯನ್ನೇ ಜನ ಹಳೆಯ ಬಿಡಾರ ಎಂದು ಕರೆದುಬಿಟ್ಟಿದ್ದಾರಲ್ಲ, ನಮ್ಮಂಥ ಬಾಡಿಗೆಯವರದ್ದೇನು ಮಹಾ? ಇದನ್ನು ವಿವರಿಸಿದೆ. ಗಿರಿಜಾ ಕೇಳಿಸಿಕೊಂಡು, "ಅವರು ಕಲ್ಲಲ್ಲಾದ್ರೂ ಕಟ್ಟಿ ಹೋದ್ರು" ಎಂದು ಕಿಟಕಿಯ ಕಡೆ ತಿರುಗಿದಳು. ಮುಂದೆ ಬೇಲೂರಿನವರೆಗೂ ನಾನು ಇತಿಹಾಸದ ಸುದ್ದಿಗೆ ಹೋಗಲಿಲ್ಲ.

ಕೆರೆ ನಿಜಕ್ಕೂ ಚೆನ್ನಾಗಿತ್ತು. ಸುತ್ತ ಬೆಟ್ಟ, ನಡುವೆ ಅಲುಗದ ನೀರು. ಅಲ್ಲಿನ ಉಸ್ತುವಾರಿಯ ರಂಗಣ್ಣ ಮರದ ಕೆಳಗೊಂದು ಸಮತಟ್ಟು ಜಾಗ ತೋರಿಸಿ, "ಇಲ್ಲಿ ಹಾಕ್ಕಳಿ ಸಾ, ನೆಲ ಚೆಂದಾಗೈತೆ" ಎಂದ. ನಾನು ನೀರಿಗೆ ಹತ್ತಿರವಿರಲಿ ಎಂದು ಇಳಿಜಾರಿನಲ್ಲೇ ಹಾಕಿಸಿದೆ. ಗಿರಿಜಾ ಚೀಲದಿಂದ ಹಿತ್ತಾಳೆ ಪಾತ್ರೆ ತೆಗೆದಳು. ಹೊಸ ಮನೆಯಲ್ಲಿ ಹಾಲುಕ್ಕಿಸಲೆಂದೇ ಇಟ್ಟ ಪಾತ್ರೆ ಅದು. ಉಳಿದ ದಿನವೆಲ್ಲ ಅಟ್ಟದ ಮೇಲಿರುತ್ತದೆ. ಹುಣಸೆಹಣ್ಣು ಹಾಕಿ ಬೆಳಗಿದ್ದಳು, ಥಳಥಳ ಹೊಳೆಯುತ್ತಿತ್ತು.

"ಡೇರೆಗೂನಾ?" ಎಂದೆ.

"ಒಂದು ರಾತ್ರಿಯಾದ್ರೂ ಸಂಸಾರ ಮಾಡೋ ಜಾಗ ತಾನೇ?"

ರಂಗಣ್ಣ ಕೊಟ್ಟಿದ್ದ ಅಂಗೈಯಗಲದ ಗ್ಯಾಸ್ ಒಲೆಯ ಮೇಲೆ ಹಾಲಿಟ್ಟು, ಕೈಮುಗಿದು ನಿಂತೆವು. ಪೂರ್ವಕ್ಕೆ ಉಕ್ಕಬೇಕಾದ ಹಾಲು ನನ್ನ ಇಳಿಜಾರಿನ ಕೃಪೆಯಿಂದ ಪಶ್ಚಿಮಕ್ಕೆ ಉಕ್ಕಿ, ಇಡೀ ಒಲೆಯನ್ನು ಮುಳುಗಿಸಿತು. ಒಲೆ ಆರಿತು. ಎಷ್ಟು ಕಡ್ಡಿ ಗೀಚಿದರೂ ಮತ್ತೆ ಹತ್ತಲಿಲ್ಲ. ರಂಗಣ್ಣ ಬಂದು ಬಗ್ಗಿ ನೋಡಿ, "ಬಂದೋರು ನೂಡಲ್ಸ್ ಮಾಡ್ಕಂತಾರೆ ಕಣವ್ವ. ಹಾಲುಕ್ಸಿದೋರು ನೀವೇ ಮೊದ್ಲು. ಸೌದೆ ಹಚ್ಚಂಗಿಲ್ಲ, ಕಾಡು" ಎಂದು ಒಲೆಯನ್ನು ಎತ್ತಿಕೊಂಡು ಹೋದ. ಪಾತ್ರೆಯ ತಳದಲ್ಲಿ ಉಳಿದ ಹಾಲಿಗೆ ಅವಲಕ್ಕಿ, ಕೊಬ್ಬರಿ, ಬೆಲ್ಲ ಹಾಕಿಕೊಂಡು ದಡದಲ್ಲಿ ಕುಳಿತೆವು. ಹೊತ್ತು ಮುಳುಗುತ್ತಿತ್ತು. ಈಗ ಹೇಳದಿದ್ದರೆ ಇನ್ನೆಂದೂ ಆಗದು ಎಂದು, ಕೆರೆಯನ್ನೇ ನೋಡುತ್ತಾ ಹೇಳಿಬಿಟ್ಟೆ.

ಅವಳು ಪಾತ್ರೆಯನ್ನು ನನ್ನ ಕಡೆ ಸರಿಸಿದಳು. "ಹ್ಞೂಂ. ಅವಲಕ್ಕಿ ತಿನ್ನಿ, ಮೆತ್ತಗಾಗ್ತದೆ" ಎಂದಳು.

ಅಷ್ಟೇ. ತಂಗಾಳಿಯ ಮಹಿಮೆಗೆ ನಾನೇ ಬೆರಗಾದೆ. ಆ ರಾತ್ರಿ ಇಬ್ಬರೂ ಇಳಿಜಾರಿನಲ್ಲಿ ಜಾರಿ ಜಾರಿ ಡೇರೆಯ ಒಂದೇ ಮೂಲೆಗೆ ಬಂದು ಬಿದ್ದಿದ್ದರೂ ನನಗೆ ಸೊಗಸಾದ ನಿದ್ದೆ.

ಬೆಳಿಗ್ಗೆ ಬೇಲೂರಿನಲ್ಲಿ ಬಸ್ಸಿಳಿದಾಗ ಗಿರಿಜಾ ಸೊಂಟ ನೀವಿಕೊಳ್ಳುತ್ತಾ, "ದೋಸೆ ತಿನ್ನೋಣ ನಡೀರಿ" ಎಂದಳು. ಇಷ್ಟು ವರ್ಷದಲ್ಲಿ ಅವಳಾಗಿ ದೋಸೆಗೆ ಕರೆದದ್ದೇ ಇಲ್ಲ. ಹೋಟೆಲಿನಲ್ಲಿ ಕುಳಿತೆವು. ದೋಸೆ ಬಂತು. ಅವಳು ಒಂದು ತುಂಡು ಮುರಿದು ಚಟ್ನಿಗೆ ಅದ್ದಿದಳು.

"ಓನರ್ ಹೆಂಡ್ತಿ ನಂಗೆ ಹದಿನೈದು ದಿನದ ಹಿಂದೇನೇ ಹೇಳಿದ್ರು. ಮನೆ ನೋಡಾಗಿದೆ. ಅಡುಗೆಮನೆಗೆ ಎರಡು ಕಿಟಕಿ, ಹಿಂದೆ ಬಳ್ಳಿಗೆ ಜಾಗ. ಸೋಮವಾರ ಹಾಲುಕ್ಕಿಸೋದು. ಪಾತ್ರೆ ಬೆಳಗಿದ್ದು ಅದಕ್ಕೇನೇ."

ನಾನು ಬಾಯಲ್ಲಿದ್ದ ತುತ್ತನ್ನು ನುಂಗಿದೆ. "ಸ್ಕೂಲಿಗೆ ಹತ್ತಿರವಾ?"

"ದೂರ," ಎಂದಳು. "ನಡೀತೀರಿ."