ರುಮಾಲಿನ ಇನ್ನೊಂದು ತುದಿ

ಇವತ್ತು ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ, ಹಾಲು ಕಾಯಿಸಿದೆ, ಮದುವೆಗೆಂದು ಮಾಡಿದ ಹಪ್ಪಳ ಬಿಸಿಲಿಗಿಟ್ಟೆ, ಆಮೇಲೆ ಅಪ್ಪನ ಟ್ರಂಕು ತೆಗೆದೆ. ಡಾಂಬರು ಗುಳಿಗೆಯ ವಾಸನೆಯ ಅಡಿಯಲ್ಲಿ ಅಪ್ಪನ ತಂಬಾಕಿನ ಘಾಟು ಇನ್ನೂ ಸಣ್ಣಗೆ ಇತ್ತು. ಬಿಳಿ ರುಮಾಲು ತಣ್ಣಗೆ ಮಲಗಿತ್ತು.

ಮಾಸೂರಿನ ಆ ಹಳೆಯ ಮನೆ ಈಗಿಲ್ಲ. ಅದೇ ಜಾಗದಲ್ಲಿ ತಮ್ಮ ಈ ಸಿಮೆಂಟಿನ ಮನೆ ಕಟ್ಟಿದ್ದಾನೆ. ಆಗ ಉದ್ದನೆಯ ಪಡಸಾಲೆಯಿತ್ತು. ಅಪ್ಪ ಆ ಕಡೆ ನಿಂತು ರುಮಾಲು ಸುತ್ತಿಕೊಳ್ಳುವಾಗ ಈ ಕಡೆಯ ತುದಿ ಹಿಡಿಯುವ ಕೆಲಸ ನನ್ನದು. "ಜಗ್ಗಬ್ಯಾಡವಾ, ಬರೇ ಹಿಡಿ. ಸಾವಕಾಶ ಬಾ," ಅನ್ನುತ್ತಿದ್ದ. ಅವನು ಒಂದು ಸುತ್ತು ಸುತ್ತಿದರೆ ನಾನು ಒಂದು ಹೆಜ್ಜೆ ಮುಂದೆ. ಕೊನೆಯ ಸುತ್ತಿಗೆ ಅವನ ಗದ್ದದ ಕೆಳಗೇ ಇರುತ್ತಿದ್ದೆ. ಕನ್ನಡಿ ಬೇಕಿರಲಿಲ್ಲ. ಒಮ್ಮೆ ನಡುವೆ, "ಅಪ್ಪಾ, ಇದು ಎಷ್ಟನೇ ಸುತ್ತು?" ಎಂದು ಕೇಳಿಬಿಟ್ಟೆ. ಕೈ ಅಲ್ಲೇ ನಿಂತಿತು. "ಕೇಳಿ ಕೆಡಿಸಿದಿ ನೋಡು," ಎಂದು ನಕ್ಕು, ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತಿಕೊಂಡ. ನಡುವಿನಿಂದ ಮುಂದುವರಿಸಲು ಆ ಕೈಗೆ ಬರುತ್ತಿರಲಿಲ್ಲ. ಇನ್ನೊಬ್ಬರ ತಲೆಗೆ ಸುತ್ತಲೂ ಬರುತ್ತಿರಲಿಲ್ಲ. ಮದುಮಗನೇ ಬಂದು ಕೂತರೂ ತನ್ನ ತಲೆಗೇ ಸುತ್ತಿಕೊಂಡು, ಹಾಗೇ ತೆಗೆದು ಅವನಿಗೆ ಇಡುತ್ತಿದ್ದ. ನಿಮ್ಮ ಮನೆಯ ಹಿರಿಯರ ಕೈಗಳಿಗೂ ಇಂಥದೊಂದು ಹಟ ಇದ್ದಿರಬೇಕು. ಅಪ್ಪ ಹೊಲಕ್ಕೆ ಹೋದ ಮೇಲೆ ನಾನು ಅವ್ವನ ಹಳೆಯ ಸೀರೆ ತಲೆಗೆ ಸುತ್ತಿಕೊಂಡು ಅವನಂತೆ ಕೆಮ್ಮುತ್ತಿದ್ದೆ.

ನಾಳೆ ತಮ್ಮನ ಮಗನ ಮದುವೆ. ಅಪ್ಪನ ರುಮಾಲಿನಲ್ಲೇ ಹಂದರಕ್ಕೆ ಹೋಗಬೇಕೆಂದು ತಮ್ಮನಿಗೆ ಆಸೆ. ಸುತ್ತಲು ಮಾತ್ರ ಕಲಿತಿಲ್ಲ. ಎದುರು ನಿಂತು ಅವನ ತಲೆಗೆ ಸುತ್ತಿದೆ. ಮೂರನೇ ಸುತ್ತು ಉಲ್ಟಾ ಹೋಗಿ ಕಿವಿಯ ಮೇಲೆ ಜಾರಿತು. ಮತ್ತೆ ಸುತ್ತಿದೆ, ಮತ್ತೆ ಜಾರಿತು.

"ಬಿಡಕ್ಕಾ, ಅಂಗಡ್ಯಾಗ ರೆಡಿಮೇಡ್ ಸಿಗತಾವ."

ಇವತ್ತು ನನ್ನ ಕೈಗೆ ಬರದಿದ್ದರೆ ಅಪ್ಪನ ಸುತ್ತು ಅಪ್ಪನ ಜೊತೆಗೇ ಹೋಯಿತು. ಆಗ ಹೊಳೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತುದಿಯನ್ನು ತಮ್ಮನ ಕೈಗೆ ಕೊಟ್ಟು, ನಡುಮನೆಯಲ್ಲಿ ಜಾಗ ಸಾಲದೆ ಅವನನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ, ನನ್ನ ತಲೆಗೇ ಸುತ್ತಿಕೊಳ್ಳತೊಡಗಿದೆ.

"ಏನ ಮಾಡಾಕತ್ತೀ ಅಕ್ಕಾ?"

"ಮಾತಾಡಿಸಬ್ಯಾಡ. ಜಗ್ಗಬ್ಯಾಡ, ಬರೇ ಹಿಡಿ. ಸಾವಕಾಶ ಬಾ."

ಎಣಿಸಲಿಲ್ಲ. ಎರಡು ಬಿಗಿ, ಒಂದು ಸಡಿಲು, ಹಣೆಯ ಮೇಲೆ ಒಂದು ತಿರುವು. ಕೈ ತಾನೇ ಹೋಯಿತು. ಕೊನೆಯ ಸುತ್ತಿಗೆ ತಮ್ಮನ ನರೆತ ತಲೆ ನನ್ನ ಎದುರಿಗೇ ಇತ್ತು. ಚುಂಗು ಸಿಕ್ಕಿಸಿ, ಹಾಗೇ ತೆಗೆದು ಅವನಿಗಿಟ್ಟೆ. ಅಲುಗಲಿಲ್ಲ.

"ನಿನಗ ಛಲೋ ಒಪ್ಪಿತ್ತು. ನೀನ ಇಟಗೊಂಡು ಬಂದಿದ್ರ ಬೀಗರು ಹೆದರತಿದ್ರು," ಎಂದು ನಗುತ್ತಲೇ ಕಣ್ಣೊರೆಸಿಕೊಂಡ.

ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರು ಉಂಡೆವು. ಅಪ್ಪ ಇಡುತ್ತಿದ್ದಂತೆ ರುಮಾಲನ್ನು ಬೋರಲು ಹಾಕಿದ ಕೊಡದ ಮೇಲಿಟ್ಟೆ. ಯಾರೂ ಮುಟ್ಟದಂತೆ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ತಮ್ಮ ಮಲಗಿದ.