ಪರಾಂಚಿ ಗಟ್ಟಿಯಿತ್ತು ಎಂದವಳು

ಶಾಂತವ್ವ ಬಿದ್ದದ್ದು ಅವಳ ತಪ್ಪಿನಿಂದಲ್ಲ. ಅವಳದೇ ತಪ್ಪು ಎಂದು ಸರ್ಕಾರದ ವರದಿಯಲ್ಲಿ ಬರೆಸಿದವಳು ನಾನು. ಆ ವರದಿ ಹೊರಗೆ ಬರದಂತೆ ಅಡ್ಡ ನಿಂತವಳೂ ನಾನೇ. ನನಗೆ ಅಕ್ಷರ ಕೂಡಿಸಿ ಬರೆಯುವಷ್ಟೇ ಬರುತ್ತದೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಾವಿಬ್ಬರೂ ಮುಂಬಯಿಯ ಬೊರಿವಲಿಯಲ್ಲಿ ಬೆಳಿಗ್ಗೆ ಕೂಲಿಗೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಮೂಲೆಯಲ್ಲಿ, ನಿಲ್ಲುತ್ತಿದ್ದೆವು. ಕೂಲಿಯವರನ್ನು ಆರಿಸುವ ಮುಕಾದಮ ಮೊದಲು ಕರೆಯುತ್ತಿದ್ದದ್ದು ಅವಳನ್ನು. ಒಂದು ಬಿಲ್ಡಿಂಗಿನಲ್ಲಿ ಪರಾಂಚಿ, ಅಂದರೆ ನಿಂತು ಕೆಲಸ ಮಾಡುವ ಬಿದಿರಿನ ಅಟ್ಟಣಿಗೆ, ಅದರ ಮೇಲಿನ ಹಲಗೆಯನ್ನು ಕಟ್ಟಿರಲಿಲ್ಲ. ಗಾರೆಯ ಬುಟ್ಟಿ ಹೊತ್ತು ಹತ್ತಿದ ಶಾಂತವ್ವ ಹಲಗೆಯ ಜೊತೆಗೇ ಕೆಳಗೆ ಬಂದಳು. ಸೊಂಟ ಹೋಯಿತು. ನಾನು ಕಂಡೆ, ಇನ್ನಿಬ್ಬರು ಹೆಂಗಸರೂ ಕಂಡರು. ಆಮೇಲೆ ಮುಕಾದಮ ಮೊದಲು ನನ್ನನ್ನು ಕರೆಯತೊಡಗಿದ.

ಕಟ್ಟಡ ಕೆಲಸದ ಹೆಂಗಸರಿಗೆ ಹೊಸ ಕಾನೂನು ಬೇಕೇ ಎಂದು ಶಾಸಕರಿಗಾಗಿ ಅಧ್ಯಯನ ಮಾಡುವವರು ನಾಕಾಕ್ಕೆ ಬಂದರು. ಅವರಲ್ಲಿ ಸೊಲ್ಲಾಪುರದ ಹುಡುಗಿಯೊಬ್ಬಳಿಗೆ ಕನ್ನಡ ಬರುತ್ತಿತ್ತು. ಶಾಂತವ್ವ ಹೇಗೆ ಬಿದ್ದಳು ಎಂದು ನನ್ನನ್ನು ಕೇಳಿದಳು.

"ಪರಾಂಚಿ ಗಟ್ಟಿ ಇತ್ರಿ. ಆಕಿ ಉಪಾಸ ಇದ್ಲು, ಚಕ್ಕರ್ ಬಂದು ಬಿದ್ಲು," ಎಂದೆ.

ಬಾಯಿಂದ ಹೇಗೆ ಬಂತೋ — ಇಲ್ಲ, ಹೇಗೆ ಬಂತೆಂದು ಗೊತ್ತಿದೆ.

ಬಿಲ್ಡರ್ ಪರಿಹಾರ ಕೊಡಲಿಲ್ಲ. ಶಾಂತವ್ವನ ಮಗಳು ರೇಣುಕಾ ಶಾಲೆ ಕಲಿತವಳು. ನಿಜ ಆ ಅಧ್ಯಯನದ ವರದಿಯಲ್ಲಿ ಇದ್ದೇ ಇರುತ್ತದೆ ಎಂದು ನಂಬಿದಳು. ಕೇಳಲು ಹೋದರೆ, ಅದು ಶಾಸಕರಿಗೆ ಮಾತ್ರ ಎಂದರಂತೆ. ಎಲ್ಲರಿಗೂ ತೋರಿಸಿ ಎಂದು ಅರ್ಜಿ ಬರೆದು ಸಹಿಗಾಗಿ ನಾವಿದ್ದ ಚಾಳಿನ ಮನೆಗಳಿಗೆ ಬಂದಳು.

"ನಮ್ಮ ಟ್ಯಾಕ್ಸಿನ ರೊಕ್ಕದಾಗ ಮಾಡಿದ್ದು ನಮಗ್ಯಾಕ ಬಂದ್, ಚಿಗವ್ವ?"

"ನೀ ಯಾವಾಗ ಟ್ಯಾಕ್ಸ್ ಕಟ್ಟಿದಿಯವ್ವ, ಸಾಹೇಬ್ರ ಮಗಳ?"

"ಕಡ್ಡಿಪೆಟ್ಟಿಗಿ ಕೊಂಡ್ರೂ ಕಟ್ತೀವಿ."

ಅವಳು ಹೇಳಿದ್ದು ಸರಿಯಿತ್ತು. ನಾನು ನಕ್ಕು ಕಳಿಸಿದೆ. ಆಮೇಲೆ ಮನೆಮನೆಗೆ ಹೋಗಿ, ಸಹಿ ಮಾಡಿದವರನ್ನು ಮುಕಾದಮ ನಾಕಾದಲ್ಲಿ ನಿಲ್ಲಲು ಬಿಡುವುದಿಲ್ಲ ಎಂದು ಹೆದರಿಸಿದೆ. ಅರ್ಜಿ ಅಲ್ಲಿಗೇ ಸತ್ತಿತು. ಆಗಲೇ ವರದಿ ತೆರೆದಿದ್ದರೆ — ನನ್ನ ಸುಳ್ಳಿಗೆ ಎದುರು ಹೇಳಲು, ಕಣ್ಣಾರೆ ಕಂಡ ಆ ಇಬ್ಬರು ಹೆಂಗಸರು ಇದ್ದರು. ಈಗ ಒಬ್ಬಳು ಸತ್ತಿದ್ದಾಳೆ, ಇನ್ನೊಬ್ಬಳು ಎಲ್ಲಿದ್ದಾಳೋ.

ಈಗ ಹಳೆಯ ವರದಿಗಳನ್ನೆಲ್ಲ ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದಂತೆ. ಕಳೆದ ವಾರ ರೇಣುಕಾ ಆ ವರದಿಯನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದಳು. ನಾನು ಪಕ್ಕದಲ್ಲೇ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ವರದಿಯಲ್ಲಿ ನನ್ನ ಹೆಸರಿಲ್ಲ, 'ಜೊತೆಗಿದ್ದ ಕೆಲಸಗಾರ್ತಿ' ಎಂದಷ್ಟೇ ಇದೆ.

"ಯಾವಾಕಿ ಇಕಿ? ನಾಲಿಗಿ ಬಿದ್ದು ಹೋಗ್ಲಿ," ಎಂದಳು ರೇಣುಕಾ.

ಮಲಗಿದಲ್ಲಿಂದಲೇ ಶಾಂತವ್ವ ಹೇಳಿದಳು: "ಬೈಬ್ಯಾಡ. ಮುಕಾದಮ ಎದುರಿಗಿ ನಿಂತಿರ್ಬೇಕು, ಪಾಪ. ಹೊಟ್ಟಿಪಾಡು."

ನಾನು ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡೆ.

ಶಾಂತವ್ವ, ಮುಕಾದಮ ಅಲ್ಲಿರಲಿಲ್ಲ. ಚಹಾ ಕುಡಿಯಲು ಹೋಗಿದ್ದ. ಸೊಲ್ಲಾಪುರದ ಆ ಹುಡುಗಿ ಮತ್ತು ನಾನು, ಇಬ್ಬರೇ ಇದ್ದೆವು. ನನ್ನನ್ನು ಯಾರೂ ಹೆದರಿಸಿರಲಿಲ್ಲ. ನಿನ್ನ ಜಾಗ ನನಗೆ ಸಿಕ್ಕಿತ್ತು, ಅದನ್ನು ಬಿಡುವ ಮನಸ್ಸಿರಲಿಲ್ಲ — ಅಷ್ಟೇ.

ಇದನ್ನು ರೇಣುಕಾಳ ಕೈಗೆ ಕೊಡುತ್ತೇನೆ. ಅವಳು ಬೈಯಲಿ. ಹಲಗೆ ಕಟ್ಟಿರಲಿಲ್ಲ ಎಂದು ಎಲ್ಲಿ ಹೇಳಬೇಕೋ ಅವಳೇ ಕರೆದುಕೊಂಡು ಹೋಗಲಿ, ಬಂದು ಹೇಳುತ್ತೇನೆ.