ಹರಿದ ಸ್ಪೀಕರಿನ ಅನುಮಾನ

ಕೇಳ್ರಪ್ಪ, ಇವತ್ತು ಮಧ್ಯಾಹ್ನ ಖಾನಾಪುರದ ಮೈಕ್‌ಸೆಟ್ ದಾದಾಪೀರ ನಮ್ಮ ಅನಗೋಳದ ಮನೆಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ನನ್ನ ಮಗ ಪ್ರಕಾಶ, ಅವನಿಂದ ಬಾಡಿಗೆಗೆ ತಂದ ಸೆಟ್ಟಿಗೆ ಗಿಟಾರ್ ಜೋಡಿಸಿ, ಗುಂಡಿಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ, ಕಲ್ಲು ಅರೆಯುವಂಥ ಸದ್ದು ಹೊರಡಿಸುತ್ತಿದ್ದ.

“ಸ್ಪೀಕರ್ ಹರದೀರಿ. ನಾಳೆ ಊರಾಗ ಇದರ ಮ್ಯಾಲೆ ಮದಿವಿ ಐತ್ರಿ,” ಅಂದ ದಾದಾಪೀರ.

“ಹರದಿಲ್ಲ ಕಾಕಾ. ರಾಕ್ ಹಾಡಿಗೆ ಧ್ವನಿ ಬೇಕಂತನ ಹಂಗ ಒರಟು ಮಾಡೂದು,” ಅಂದ ಪ್ರಕಾಶ.

ನನಗೂ ನಂಬಿಕೆ ಬರಲಿಲ್ಲ. ಬೇಕಂತ ಯಾರು ಹಾಗೆ ಮಾಡುತ್ತಾರೆ?

ಮಗ ಸದ್ದನ್ನು ಒಡೆಯುವ ಗೇನ್ ಗುಂಡಿಯನ್ನು ಅರ್ಧಕ್ಕೆ ಇಳಿಸಿದ, ಬೇಸ್ ತಗ್ಗಿಸಿ ನಡುವಿನ ಸ್ವರ ಏರಿಸಿದ, ಅಂಗೈಯನ್ನು ತಂತಿಗೆ ಒತ್ತಿಟ್ಟು ಬಾರಿಸಿದ. ಸದ್ದು ಒರಟಾಗಿಯೇ ಇತ್ತು, ಆದರೆ ಒಂದೊಂದು ಪೆಟ್ಟೂ ಕೊಡಲಿಯೇಟಿನ ಹಾಗೆ ಬಿಡಿಬಿಡಿಯಾಗಿ ಕೇಳಿತು.

ದಾದಾಪೀರನ ಹುಬ್ಬು ಇನ್ನೂ ಮೇಲೇರಿತು. “ನನ್ನ ಸೆಟ್ಟು ಇಷ್ಟು ಛಲೋ ಎಂದೂ ಕೇಳಿಲ್ಲ. ಖರೇ ಹೇಳ್ರಿ, ಸ್ಪೀಕರ್ ಬದಲಿ ಮಾಡೀರಿ ಹೌದಿಲ್ಲೋ?”

ಪೆಟ್ಟಿಗೆ ಬಿಚ್ಚಿಸಿ, ಗುರುತಿಗೆಂದು ಸ್ಪೀಕರಿಗೆ ತಾನೇ ಬಳಿದಿದ್ದ ಹಸಿರು ಬಣ್ಣ ಕಂಡ ಮೇಲೆಯೇ ಹೊತ್ತುಕೊಂಡು ಹೊರಟ. ಅದಕ್ಕೂ ಮುಂಚೆ, ಮಗ ಇಟ್ಟ ಹಾಗೇ ಇರಲಿ, ಗುಂಡಿಗಳನ್ನು ಯಾರೂ ತಿರುಗಿಸಬಾರದೆಂದು ಮೇಲೊಂದು ಬಟ್ಟೆ ಕಟ್ಟಿದ.

ನಿಮ್ಮಲ್ಲಿ ಯಾರಾದರೂ ನಾಳೆ ಆ ಮದುವೆಗೆ ಹೋಗುವವರಿದ್ದರೆ, ಮಂಗಳಾಷ್ಟಕದ ಹೊತ್ತಿಗೆ ಮದುಮಗಳ ಅಜ್ಜಿಯನ್ನು ಸ್ಪೀಕರಿನ ಬಾಜೂಕ ಕೂಡಿಸಬೇಡಿ.